ಎದುರಂಗಡಿಯಲ್ಲಿ ಅಪಾಯಿಂಟ್‌ಮೆಂಟ್

ನಮ್ಮಪ್ಪನದು ಎರಡು ಕುರ್ಚಿಯ ಕ್ಷೌರದಂಗಡಿ. ಗಿರಾಕಿಯ ತಲೆಯ ಹಿಂದೆ ನಿಂತರೆ ಬೀದಿ ಅಪ್ಪನ ಬೆನ್ನಿಗೆ ಬೀಳುತ್ತದೆ. ಹಾಗಾಗಿ ಅಪ್ಪ ಬೀದಿಯನ್ನು ಕನ್ನಡಿಯಲ್ಲಿ ನೋಡಿದ್ದೇ ಹೆಚ್ಚು. ನನ್ನ ತಮ್ಮ, ಮನೆಯಲ್ಲಿ ಎಲ್ಲರೂ ಮರಿ ಎನ್ನುವವನು, ಬಸ್ಸಿಳಿದದ್ದೂ ಕಂಡದ್ದು ಅಲ್ಲೇ. ಕುರ್ಚಿಯಲ್ಲಿ ನಿವೃತ್ತ ಪೋಸ್ಟ್‌ಮಾಸ್ಟರರು ಎರಡೂ ಕೆನ್ನೆಗೆ ನೊರೆ ಬಳಿಸಿಕೊಂಡು ಕೂತಿದ್ದರು. ಮರಿ ನಮ್ಮ ಅಂಗಡಿಯ ಮುಂದೆಯೇ ಇಳಿದ. ಅಪ್ಪ ಇನ್ನೇನು ತಿರುಗಿ 'ಬಾರೋ' ಎನ್ನಬೇಕು, ಅಷ್ಟರಲ್ಲಿ ಅವನು ಆ ಕಡೆ ಈ ಕಡೆ ನೋಡಿ ರಸ್ತೆ ದಾಟಿ, ಎದುರಿನ ಹೊಸ ಸಲೂನಿನ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಹೋಗಿಬಿಟ್ಟ.

ಪೋಸ್ಟ್‌ಮಾಸ್ಟರರೂ ಅದನ್ನು ಕನ್ನಡಿಯಲ್ಲಿ ನೋಡಿದ್ದರು. ಅವನು ನಿಮ್ಮ ಮಗ ಅಲ್ಲವೇ ಎಂದು ಕೇಳಿದರು. ದಾರಿ ತಪ್ಪಿರಬೇಕು ಎಂದ ಅಪ್ಪ. ಹಾಗೆಂದುಕೊಳ್ಳುವುದು ಸುಲಭವೂ ಆಗಿತ್ತು. ಮರಿಗೆ ಆಗ ಇಪ್ಪತ್ತಮೂರು. ಹುಟ್ಟಿದಾಗಲೇ ಡಾಕ್ಟರು, ಈ ಮಗುವಿಗೆ ಎಲ್ಲವೂ ನಿಧಾನ, ಎಲ್ಲದಕ್ಕೂ ಒಬ್ಬರು ಜೊತೆಗಿರಬೇಕಾಗುತ್ತದೆ ಎಂದಿದ್ದರು. ನಾವು ಇದ್ದೆವು. ಹಾಲು ತರಲು ಹೋದರೆ ಹಿಂದೆ ನಾನು, ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ಅಮ್ಮ. ಆ ವರ್ಷ ಊರಿನ ಕಾಲೇಜಿನವರು ಅವನಂಥವರಿಗೆಂದೇ ಎರಡು ವರ್ಷದ ಕೋರ್ಸು ಶುರು ಮಾಡಿದ್ದರು. ಅದಕ್ಕೊಂದು ಉದ್ದನೆಯ ಹೆಸರಿತ್ತು. ಅಮ್ಮ ಮಾತ್ರ ಅದನ್ನು 'ಬದುಕೋ ಕ್ಲಾಸು' ಎನ್ನುತ್ತಿದ್ದಳು. ಕಾಲೇಜಿನ ಹಿಂದಿನ ಕಟ್ಟಡದಲ್ಲಿ ಮರಿಯೂ ಸೇರಿ ಮೂವರು ಹುಡುಗರಿಗೆ ಒಂದು ಮನೆ. ಅನ್ನ ಮಾಡಿಕೊಳ್ಳುವುದು, ಬಟ್ಟೆ ಒಗೆದುಕೊಳ್ಳುವುದು, ಬಸ್ಸು ಹಿಡಿಯುವುದು, ಬೇಡ ಎನಿಸಿದರೆ ಬೇಡ ಎನ್ನುವುದು, ಇವೆಲ್ಲ ಅಲ್ಲಿನ ಪಾಠ.

ಅಪ್ಪ ರೇಜರನ್ನು ಹಾಗೇ ಇಟ್ಟು, ಹೆಗಲ ಮೇಲಿನ ಟವೆಲ್ಲಿನ ಸಮೇತ ರಸ್ತೆ ದಾಟಿದ. ಎದುರಂಗಡಿ ಬಂದು ಒಂದು ವರ್ಷವಾಗಿದ್ದರೂ ಅದರ ಹೊಸಿಲು ತುಳಿದದ್ದು ಅವತ್ತೇ ಮೊದಲು. ಮರಿ ಆಗಲೇ ಕುರ್ಚಿ ಹತ್ತಿ ಕೂತಿದ್ದ. ಕುತ್ತಿಗೆಗೆ ಕಪ್ಪು ಬಟ್ಟೆ ಸುತ್ತಿಯಾಗಿತ್ತು.

"ಮರಿ, ನಮ್ಮಂಗಡಿ ಆ ಕಡೆ ಕಣೋ" ಎಂದ ಅಪ್ಪ.

"ಗೊತ್ತಪ್ಪ. ನಂಗೆ ಇಲ್ಲಿ ಅಪಾಯಿಂಟ್‌ಮೆಂಟ್ ಇದೆ."

ಎದುರಂಗಡಿಯವನು ಒಂದು ಕೈಯಲ್ಲಿ ಬಾಚಣಿಗೆ, ಇನ್ನೊಂದರಲ್ಲಿ ಟ್ರಿಮ್ಮರ್ ಹಿಡಿದು ಕಕ್ಕಾಬಿಕ್ಕಿಯಾಗಿ ನಿಂತಿದ್ದ. ಫೋನು ಬಂತು, ಯಾರೆಂದು ಗೊತ್ತಿರಲಿಲ್ಲ, ಬನ್ನಿ ಎಂದೆ ಎಂದು ತಡವರಿಸಿದ. ಅಪ್ಪ, ಇರಲಿ ಮಾಡಿ ಎಂದು ಹಿಂದಿರುಗಿದ. ಅಷ್ಟರಲ್ಲಿ ಪೋಸ್ಟ್‌ಮಾಸ್ಟರರ ಮುಖದ ಮೇಲಿನ ನೊರೆ ಒಣಗಿ ಸುಣ್ಣ ಹೊಡೆದ ಗೋಡೆಯಂತಾಗಿತ್ತು.

ಅಪ್ಪನಿಗೆ ಹೆಚ್ಚು ಅರ್ಥವಾಗದೆ ಹೋದದ್ದು ಆ ಟ್ರಿಮ್ಮರಿನ ವಿಷಯ. ಚಿಕ್ಕಂದಿನಲ್ಲಿ ಮರಿ ಅದರ ಸದ್ದು ಕೇಳಿದರೆ ಕಿವಿ ಮುಚ್ಚಿಕೊಂಡು ಬೀದಿಗೆ ಕೇಳುವಂತೆ ಕಿರುಚುತ್ತಿದ್ದ. ಮಧ್ಯಾಹ್ನ ಅವನು ನಿದ್ದೆ ಹೋದಾಗ ಅಪ್ಪ ಸದ್ದಿಲ್ಲದೆ ಕತ್ತರಿಯಾಡಿಸುತ್ತಿದ್ದ. ಒಂದು ಮಗ್ಗುಲಿನದು ಇವತ್ತು ಮುಗಿದರೆ ಇನ್ನೊಂದು ಮಗ್ಗುಲಿಗೆ ನಾಳೆಯ ನಿದ್ದೆ ಕಾಯಬೇಕು. ಹೀಗೆ ಅರ್ಧ ತಲೆಯ ಕಟಿಂಗಿನಲ್ಲಿ ಅವನನ್ನು ಸ್ಕೂಲಿಗೆ ಕರೆದುಕೊಂಡು ಹೋದ ನೆನಪು ನನಗಿದೆ. ಅವನಿಗೋಸ್ಕರವೇ ಅಪ್ಪ ತನ್ನ ಅಂಗಡಿಯೊಳಗೆ ಟ್ರಿಮ್ಮರ್ ಬಿಟ್ಟುಕೊಂಡಿರಲಿಲ್ಲ. ಈಗ ನೋಡಿದರೆ ಅದೇ ಮಗ, ಅದೇ ಸದ್ದು, ಕೈ ಮಡಿಚಿ ಕೂತಿದ್ದಾನೆ.

ಆ ಭಾನುವಾರ ಮರಿ ಊಟಕ್ಕೆ ಬಂದಾಗ ಅಪ್ಪ ಮೊದಲು ಕೇಳಿದ್ದೂ ಅದನ್ನೇ. ಭಯ ಆಗಲಿಲ್ಲವೇನೋ ಎಂದ.

"ಸದ್ದು ಬರುತ್ತೆ. ಆಮೇಲೆ ನಿಲ್ಲುತ್ತೆ" ಎಂದ ಮರಿ.

ಅಲ್ಲಿಗೆ ಯಾಕೆ ಹೋದೆ ಎಂಬ ಪ್ರಶ್ನೆಗೆ ಮಾತ್ರ ಒಂದೊಂದು ಸಲಕ್ಕೂ ಒಂದೊಂದು ಉತ್ತರ. ಅಲ್ಲಿನ ಕುರ್ಚಿ ಸುತ್ತ ತಿರುಗುತ್ತದಂತೆ. ಬಾಗಿಲು ಗಾಜಿನದಂತೆ. ಸ್ವಲ್ಪ ಹೊತ್ತು ಬಿಟ್ಟು ಕೇಳಿದರೆ, ಆ ಅಂಗಡಿಯ ಬೋರ್ಡು ನೀಲಿ ಬಣ್ಣದ್ದಂತೆ. ಇದರಲ್ಲಿ ಯಾವುದು ನಿಜ ಎಂದು ಅಪ್ಪ ಅಮ್ಮನನ್ನು ಕೇಳಿದ. ಎಲ್ಲವೂ ನಿಜ ಇರಬಾರದೇಕೆ ಎಂದು ಅಮ್ಮ ನಕ್ಕಳು. ನಗುತ್ತಲೇ ತಟ್ಟೆ ತೊಳೆಯಲು ಹೋದವಳು ನಲ್ಲಿಯ ಮುಂದೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಯಾಕಮ್ಮ ಎಂದರೆ ಅವಳಿಗೂ ಗೊತ್ತಿಲ್ಲ. ಖುಷಿಗೇ ಇರಬೇಕು ಎಂದಳು, ಅಷ್ಟೇನೂ ನಂಬಿಕೆಯಿಲ್ಲದೆ.

ಮಾರನೆಯ ದಿನ ಅಪ್ಪ ಅಂಗಡಿಯ ಷಟರ್ ಎಳೆದು ಕಾಲೇಜಿಗೆ ಹೋದ. ಜೊತೆಗೆ ನಾನೂ ಹೋದೆ. ಮರಿಯ ಮೇಡಂ ಕಾರಿಡಾರಿನಲ್ಲೇ ಸಿಕ್ಕಿದರು. ಎದುರಂಗಡಿಗೆ ಕಳಿಸಿದ್ದು ನೀವೇನಾ ಎಂದು ಅಪ್ಪ ನೇರವಾಗಿ ಕೇಳಿಬಿಟ್ಟ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಹೊರಗಿನ ಒಂದು ಕೆಲಸವನ್ನು ತಾವೇ ಫೋನು ಮಾಡಿ, ತಾವೇ ಹೋಗಿ ಮುಗಿಸಿಕೊಂಡು ಬರಬೇಕು ಎಂದು ಎಲ್ಲರಿಗೂ ಹೇಳಿದ್ದರಂತೆ. ಒಬ್ಬ ಚಪ್ಪಲಿ ಹೊಲಿಸಿಕೊಂಡು ಬಂದನಂತೆ. ಮರಿ ಕಟಿಂಗ್ ಎಂದಾಗ ಅವರೇ ಅಪ್ಪನ ಅಂಗಡಿಯನ್ನು ನೆನಪಿಸಿದರಂತೆ.

"ಅದಕ್ಕೆ ಏನಂದ?" ಎಂದ ಅಪ್ಪ.

"ಅದು ಅಂಗಡಿ ಅಲ್ಲ ಮೇಡಂ, ಅದು ಅಪ್ಪ, ಅಂದ."

ಇದು ಹೊಗಳಿಕೆಯೋ ಬೈಗುಳವೋ ಅಪ್ಪನಿಗೆ ಬಗೆಹರಿಯಲಿಲ್ಲ. ಬಸ್ಸಿನಲ್ಲಿ ಬರುವಾಗ ಒಮ್ಮೆ ಮೀಸೆಯಡಿಯಲ್ಲೇ ನಗುವುದು, ಇನ್ನೊಮ್ಮೆ ಮುಖ ಸಪ್ಪೆ ಮಾಡಿಕೊಳ್ಳುವುದು. ಇಳಿಯುವ ಸ್ಟಾಪು ದಾಟಿಹೋದದ್ದು ಇಬ್ಬರಿಗೂ ತಿಳಿಯಲಿಲ್ಲ. ವಾಪಸು ಅಷ್ಟು ದೂರ ನಡೆದೇ ಬಂದೆವು.

ಮುಂದಿನ ಸಲ ಮರಿ ಎದುರಂಗಡಿಗೆ ಹೋದಾಗ ಅಪ್ಪ ತನ್ನ ಕೆಲಸ ತಾನು ನೋಡಿಕೊಂಡಿದ್ದ. ಆದರೂ ಕಿವಿ ಮಾತ್ರ ಆ ಕಡೆಗೇ. ಗಾಜಿನ ಬಾಗಿಲು ತೆರೆದಾಗ ಎದುರಂಗಡಿಯವನು ಮರಿಗೆ 'ಬನ್ನಿ ಸರ್' ಎಂದದ್ದು ಕೇಳಿಸಿತು. ಅಪ್ಪನಿಗೆ ಎಲ್ಲವೂ ತಿಳಿದುಹೋದಂತಾಯಿತು. ಓ, ಇದಾ ವಿಷಯ! ಮನೆಯಲ್ಲಿ ಮರಿ, ಅಲ್ಲಿ ಸರ್! ಆ ವಾರವೇ ಕೇಳಿ ನೋಡಿದ. ಮರಿ ಅಪ್ಪನನ್ನು ಪಾಪ ಎಂಬಂತೆ ನೋಡಿ, ಅವರು ಎಲ್ಲರಿಗೂ ಹಾಗೇ ಅನ್ನುತ್ತಾರೆ, ಹಾಲಿನವನಿಗೂ ಸರ್ ಅನ್ನುತ್ತಾರೆ ಎಂದ. ಅಪ್ಪನ ತಲೆ ಇನ್ನಷ್ಟು ಕೆಟ್ಟಿತು.

ಆಮೇಲಿನದು ಇನ್ನೂ ವಿಚಿತ್ರ. ಮೂರನೆಯ ತಿಂಗಳು ಮರಿ ಬಸ್ಸಿಳಿಯಲೇ ಇಲ್ಲ. ಕಿಟಕಿಯ ಪಕ್ಕ ಕೂತಿದ್ದವನು ಅಪ್ಪನಿಗೆ ಕೈಬೀಸಿದ, ಬಸ್ಸು ಮುಂದೆ ಹೋಯಿತು. ಮಾರ್ಕೆಟ್ಟಿನ ಹತ್ತಿರದ ಯಾವುದೋ ಅಂಗಡಿಗೆ ಹೋಗಿದ್ದನೆಂದು ಆಮೇಲೆ ಗೊತ್ತಾಯಿತು. ಸಂಜೆ ಎದುರಂಗಡಿಯವನು ರಸ್ತೆ ದಾಟಿ ನಮ್ಮಂಗಡಿಗೆ ಬಂದ. ಒಳಗೆ ಬರಲು ಹಿಂದೆಮುಂದೆ ನೋಡಿ, ಬೆಂಚಿನ ತುದಿಯಲ್ಲಿ ಕೂತ.

"ಅಣ್ಣ, ನನ್ನ ಕಡೆಯಿಂದ ಏನಾದ್ರೂ ತಪ್ಪಾಯ್ತಾ? ಬಿಸಿನೀರು ಜಾಸ್ತಿ ಬಿಸಿ ಇತ್ತಾ? ಹೋದ್ಸಲ ಚೆನ್ನಾಗಿದೆ ಅಂತಾನೇ ಹೇಳಿದ್ರು."

ಅಪ್ಪ ಅವನನ್ನೇ ನೋಡಿದ. ಇಷ್ಟು ದಿನ ತನ್ನನ್ನು ಕಾಡಿದ್ದ ಪ್ರಶ್ನೆಯೇ ಕಾಲು ಬಂದು ಬೆಂಚಿನ ಮೇಲೆ ಕೂತಿತ್ತು. ಚಹಾ ತರಿಸಿದ. ನಿಮ್ಮದೇನೂ ತಪ್ಪಿಲ್ಲ, ಅವನಿಗೆ ಅಲ್ಲಿ ಇನ್ನೇನೋ ಕಂಡಿರಬೇಕು ಎಂದು ಸಮಾಧಾನ ಹೇಳಿದ. ಹೇಳುತ್ತಾ ಹೇಳುತ್ತಾ ತನಗೂ ಸ್ವಲ್ಪ ಸಮಾಧಾನವಾಯಿತಂತೆ, ಯಾಕೆಂದು ತಿಳಿಯಲಿಲ್ಲವಂತೆ. ಆಮೇಲೆ ಇಬ್ಬರೂ ಮರಿಯ ನೆತ್ತಿಯ ಸುಳಿಯ ಬಗ್ಗೆ ಮಾತಾಡಿದರು. ಎಷ್ಟು ಬಾಚಿದರೂ ಅಲ್ಲಿನ ಕೂದಲು ಮುಳ್ಳಿನಂತೆ ಏಳುತ್ತದೆ, ಅದನ್ನು ಹೇಗೆ ಕೂರಿಸುವುದು ಎಂದು.

ಮಾರ್ಕೆಟ್ಟಿನ ಅಂಗಡಿಯವನಿಗೆ ಅದು ಗೊತ್ತಿರಲಿಲ್ಲವೆಂದು ಕಾಣುತ್ತದೆ. ಭಾನುವಾರ ಬಂದ ಮರಿಯ ತಲೆ ನೋಡಿ ಅಪ್ಪ ಊಟದ ತಟ್ಟೆಯ ಮುಂದೆ ಕಣ್ಣು ಮುಚ್ಚಿಕೊಂಡ. ಹಿಂದುಗಡೆ ಏರುಪೇರಾಗಿದೆ ಕಣೋ, ಸರಿ ಮಾಡಲಾ ಎಂದು ಕೇಳಿದ. ಮರಿ ಕೈಯಿಂದ ಹಿಂತಲೆ ಮುಟ್ಟಿ ನೋಡಿಕೊಂಡ.

"ಬೇಡ. ಮಾಡಿದವರಿಗೇ ಹೇಳ್ತೀನಿ."

ಹೇಳಿಯೂ ಬಂದ. ಅಂಗಡಿಯವನು ಮೊದಲು ರೇಗಿದನಂತೆ, ಆಮೇಲೆ ಕೂರಿಸಿ ಸರಿಮಾಡಿದನಂತೆ. ರೇಗಿದಾಗ ಏನು ಮಾಡಿದೆ ಎಂದು ಅಮ್ಮ ಗಾಬರಿಯಿಂದ ಕೇಳಿದಳು. ಅವರದು ಮುಗಿಯುವವರೆಗೆ ನಿಂತಿದ್ದೆ, ಆಮೇಲೆ ಇನ್ನೊಂದು ಸಲ ಹೇಳಿದೆ ಎಂದ. ಅಪ್ಪ ನನ್ನ ಮುಖ ನೋಡಿದ, ನಾನು ಅಪ್ಪನ ಮುಖ ನೋಡಿದೆ. ನಮ್ಮ ಮನೆಯಲ್ಲಿ ದರ್ಜಿ ತೋಳು ಗಿಡ್ಡ ಹೊಲಿದರೂ ತೆಪ್ಪಗೆ ತೊಟ್ಟುಕೊಳ್ಳುವವರೇ ಎಲ್ಲರೂ.

ಕೋರ್ಸು ಮುಗಿದು ಈಗ ವರ್ಷವಾಯಿತು. ಮರಿ ಒಂದು ದೊಡ್ಡ ಲಾಂಡ್ರಿಯಲ್ಲಿ ಬೆಡ್‌ಶೀಟ್ ಮಡಿಚುತ್ತಾನೆ. ಚಪ್ಪಲಿ ಹೊಲಿಸಿಕೊಂಡು ಬಂದಿದ್ದ ಗೆಳೆಯನೂ ಅವನೂ ಸೇರಿ ಎರಡು ಕೋಣೆಯ ಮನೆ ಮಾಡಿದ್ದಾರೆ. ಮೇಡಂ ವಾರಕ್ಕೊಮ್ಮೆ ಹೋಗಿ ನೋಡಿ ಬರುತ್ತಾರೆ. ಅನ್ನ ಒಮ್ಮೊಮ್ಮೆ ಸೀಯುತ್ತದೆ, ಸೀದದ್ದನ್ನೇ ತಿನ್ನುತ್ತಾರೆ. ಅಮ್ಮನಿಗೆ ಇನ್ನೂ ಸರಿಯಾಗಿ ನಿದ್ದೆ ಬರುವುದಿಲ್ಲ.

ಹೋದ ತಿಂಗಳು ನಮ್ಮಂಗಡಿಗೆ ಫೋನು ಬಂತು. ನಾಳೆ ಕಟಿಂಗ್‌ಗೆ ಬರುತ್ತೇನೆ, ಎಷ್ಟು ಹೊತ್ತಿಗೆ ಬರಲಿ ಎಂದ ಮರಿ. ಅಪ್ಪ ಬೆಳಗ್ಗೆ ಎದ್ದವನೇ ಕುರ್ಚಿ ಒರೆಸಿದ, ಕನ್ನಡಿ ಒರೆಸಿದ, ಒಗೆದ ಬಟ್ಟೆ ತೆಗೆದಿಟ್ಟ. ಮರಿ ಬಂದು ಕೂತ ಮೇಲೆ ಬಟ್ಟೆ ಹೊದಿಸಿ, ಗಂಟಲು ಸರಿಮಾಡಿಕೊಂಡು, ಹೇಗೆ ಮಾಡಲಿ ಎಂದು ಕೇಳಿದ. ಇಷ್ಟು ವರ್ಷದಲ್ಲಿ ಅವನನ್ನು ಹಾಗೆ ಕೇಳಿದ್ದು ಅದೇ ಮೊದಲು.

ಮರಿ ಕನ್ನಡಿಯಲ್ಲಿ ಅಪ್ಪನನ್ನು ದಿಟ್ಟಿಸಿದ. ಅವನ ಮುಖದಲ್ಲಿ ಗಾಬರಿಯಿತ್ತು.

"ಯಾಕಪ್ಪ, ನಿಂಗೆ ಗೊತ್ತಿಲ್ವಾ?"

ಗೊತ್ತು ಎನ್ನಬೇಕೋ ಗೊತ್ತಿಲ್ಲ ಎನ್ನಬೇಕೋ ಅಪ್ಪನಿಗೆ ತಿಳಿಯಲಿಲ್ಲವಂತೆ. ಕೊನೆಗೆ ಮರಿಯೇ ತಲೆ ಸ್ವಲ್ಪ ಬಗ್ಗಿಸಿ, ಮೊದಲು ಕಿವಿಯ ಹತ್ತಿರದ್ದು ಮಾಡು, ಬಾಕಿದ್ದು ಆಮೇಲೆ ಹೇಳುತ್ತೇನೆ ಎಂದನಂತೆ.