ಪುಸ್ತಕದಲ್ಲಿಲ್ಲದ ಸಾಲು

ಬಾಗಿಲಿನ ಆಚೆಯಿಂದ ಏನೂ ಕೇಳಿಸುತ್ತಿಲ್ಲ, ಬಾಗಿಲು ಅಂದ ಮೇಲೆ ಸ್ವಲ್ಪವಾದರೂ ಸದ್ದು ಸೋರಬೇಕು, ಕುರ್ಚಿ ಎಳೆದದ್ದೋ, ಯಾರೋ ಕೆಮ್ಮಿದ್ದೋ, ಇದರಿಂದ ಏನೂ ಇಲ್ಲ, ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಬಡಿದಿದ್ದಾರೆ, ಒಳಮೈಗೆ ದಪ್ಪ ಬಟ್ಟೆಯನ್ನೂ ಹೊದಿಸಿರಬೇಕು, ನಮ್ಮ ರೆಕಾರ್ಡಿಂಗ್ ಕೋಣೆಯ ಬಾಗಿಲಿನಂತೆಯೇ, ಒಳಗಿದ್ದವರು ಏನು ಹೇಳಿದರೂ ಹೊರಗೆ ಕೂತವರಿಗೆ ಫ್ಯಾನಿನ ಗಿರಗಿರ ಮಾತ್ರ — ಸರಿ, ಹಾಗೇ ಇರಬೇಕಲ್ಲ, ಆಪ್ತಸಮಾಲೋಚನೆ ಎಂದು ಹೊರಗೆ ಬೋರ್ಡು ಹಾಕಿ ಒಳಗಿನದನ್ನು ಬೀದಿಗೆಲ್ಲ ಕೇಳಿಸಲು ಆಗುತ್ತದೆಯೇ, ನನಗೆ ಭಯ ಅದರದ್ದಲ್ಲ, ನನ್ನ ಚಿಂತೆ ತೀರಾ ಸಣ್ಣದು, ಯಾರಿಗಾದರೂ ಹೇಳಿದರೆ ನಕ್ಕುಬಿಡುತ್ತಾರೆ, ಒಳಗೆ ಕರೆದು ಕೂರಿಸಿ ಹೇಳಿ ಅಂದಾಗ ನನ್ನ ಬಾಯಿಂದ ಯಾವ ವಾಕ್ಯ ಬರುತ್ತದೋ ನನಗೆ ಗೊತ್ತಿಲ್ಲ. ಅಷ್ಟೇ. ಬಾಯಿ ನನ್ನದು, ಗೊತ್ತಿಲ್ಲದವಳೂ ನಾನೇ. ಡಿಗ್ರಿ ಮುಗಿದ ಮೇಲೆ ಸಿಕ್ಕ ಕೆಲಸವೇ ಬಾಯಿಯದ್ದು, ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪಾಠಪುಸ್ತಕಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡುವುದು, ನೆಂಟರು ಬಂದರೆ ಬಚ್ಚಲುಮನೆ ಸೇರಿಕೊಳ್ಳುವವಳಿಗೆ ಇದೆಂಥ ಕೆಲಸವೇ ಎಂದು ಚಿಕ್ಕಮ್ಮ ನಕ್ಕಿದ್ದಳು, ಆದರೆ ಅಲ್ಲಿ ಎದುರಿಗೆ ಯಾರೂ ಇರುವುದಿಲ್ಲವಲ್ಲ, ಒಂದು ಮೈಕು, ಒಂದು ಟೇಬಲ್ ಲ್ಯಾಂಪು, ಪುಟ ತಿರುವಿದ ಸದ್ದು ಬರಬಾರದೆಂದು ಬಿಡಿಸಿಟ್ಟ ಹಾಳೆಗಳು, ಗೋಡೆಗೆಲ್ಲ ಬೂದು ಸ್ಪಂಜು, ಆ ಕೋಣೆಯಲ್ಲಿ ಬೇರೆ ಯಾರೋ ಬರೆದದ್ದನ್ನು ಓದುತ್ತಿರುವಷ್ಟು ಹೊತ್ತು ನನಗೆ ನಾಚಿಕೆಯೇ ಇಲ್ಲ, ನಾನು ಸಲೀಸಾಗಿ ಉಸಿರಾಡುವುದು ಅದೊಂದೇ ಜಾಗದಲ್ಲಿ, ಅದೂ ಕೈಬಿಟ್ಟು ಹೋದರೆ — ಬೇಡ, ಈಗ ಆ ಯೋಚನೆ ಬೇಡ, ರಿಸೆಪ್ಷನ್ ಹುಡುಗಿ ನನ್ನನ್ನೇ ನೋಡುತ್ತಿದ್ದಾಳೆ, ನಾನು ತುಟಿ ಅಲ್ಲಾಡಿಸುತ್ತಿದ್ದೆನೇ, ಅಲ್ಲಾಡಿಸುತ್ತಿದ್ದೆ ಅಂತ ಕಾಣುತ್ತದೆ, ಏನಾದರೂ ಬೇಕಾಗಿತ್ತಾ ಅನ್ನುತ್ತಾಳೆ, ಇಲ್ಲ ಎಂದು ತಲೆಯಾಡಿಸುತ್ತೇನೆ, ತಲೆಯಾದರೂ ನನ್ನ ಮಾತು ಕೇಳುತ್ತದೆ.

ಬೆರಳು ನಿಂತದ್ದು ಮರುಭೂಮಿಯ ಪಾಠದಲ್ಲಿ. ಕಿವಿ ಸಾರ್ ಅವರ ಬೆರಳು. ಕಿವಿ ಸಾರ್ ಅಂದರೆ ನಮ್ಮ ವಿಭಾಗದ ಮುಖ್ಯಸ್ಥರು, ಹೆಸರು ಅವರೇ ಇಟ್ಟುಕೊಂಡದ್ದು, ಕಣ್ಣು ರಿಟೈರ್ ಆಯ್ತಮ್ಮ, ಈಗ ಎರಡೂ ಪಾಳಿ ಕಿವಿನೇ ಮಾಡ್ಬೇಕು ಅನ್ನುತ್ತಾರೆ, ನಾವು ಓದಿದ್ದನ್ನು ತಿದ್ದುವವರು ಅವರೇ, ಸ್ಪೀಕರಿನಲ್ಲಿ ನಮ್ಮ ಓದು ಹಾಕಿಕೊಂಡು ಅದೇ ಪಾಠದ ಬ್ರೈಲ್ ಹಾಳೆಯ ಮೇಲೆ ಬೆರಳು ಓಡಿಸುತ್ತಾರೆ, ಓದು ಮತ್ತು ಬೆರಳು ಜೊತೆಜೊತೆಗೆ ನಡೆಯುತ್ತವೆ, ನಾವೊಂದು ಪದ ನುಂಗಿದರೆ ಬೆರಳು ಮುಗ್ಗರಿಸುತ್ತದೆ, ನಮ್ಮದೇನಾದರೂ ಸೇರಿಸಿದರೆ ನಿಲ್ಲುತ್ತದೆ. ಅವತ್ತು ಭೂಗೋಳ. ನನ್ನ ಧ್ವನಿ ಹೇಳುತ್ತಿತ್ತು, ಹಗಲಿನಲ್ಲಿ ಮರಳು ಬೇಗನೆ ಕಾಯುತ್ತದೆ, ರಾತ್ರಿ ಅಷ್ಟೇ ಬೇಗನೆ ತಣಿಯುತ್ತದೆ, ಅವಳು ಊಟ ಮಾಡಿದ್ದಾಳೆಂದು ಮನೆಯವರೆಲ್ಲ ತಿಳಿದಿದ್ದಾರೆ, ಇಲ್ಲಿನ ಸಸ್ಯಗಳ ಬೇರುಗಳು ಬಹಳ ಆಳಕ್ಕೆ ಇಳಿದಿರುತ್ತವೆ. ಬೆರಳು ನಿಂತಿತು. ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದರು, ಮತ್ತೆ ಅದೇ, ಪಾಠದ್ದೇ ಏರಿಳಿತ, ಪೂರ್ಣವಿರಾಮಕ್ಕೆ ಕೊಡಬೇಕಾದಷ್ಟೇ ಬಿಡುವು, ತಡವರಿಕೆಯಿಲ್ಲ, ಉಸಿರಿನ ಸದ್ದಿಲ್ಲ, ನಾನು ಅಷ್ಟು ಚೆನ್ನಾಗಿ ಓದಿದ್ದೇ ಇಲ್ಲ, ಮತ್ತು ನನಗೆ ಅದನ್ನು ಹೇಳಿದ ನೆನಪೇ ಇಲ್ಲ, ಯಾರೋ ನನ್ನ ಗಂಟಲನ್ನು ಒಂದು ಗಳಿಗೆಗೆ ಕೇಳದೆ ತೆಗೆದುಕೊಂಡು, ಬಳಸಿ, ಒರೆಸಿ, ಇದ್ದಲ್ಲೇ ಇಟ್ಟುಹೋದ ಹಾಗೆ. ಇದು ಪುಸ್ತಕದಲ್ಲಿ ಇಲ್ವಲ್ಲಮ್ಮ ಅಂದರು ಕಿವಿ ಸಾರ್. ಅದು ನಾನಲ್ಲ ಸಾರ್ ಅಂದೆ, ಅದೆಷ್ಟು ಬೇಗ ಅಂದೆನೆಂದರೆ ನನಗೇ ದಿಗಿಲಾಯಿತು, ಹಳೇದು ಅಳಿಸದೆ ಉಳಿದಿರಬೇಕು, ಇಲ್ಲ ಬೆಳಗಿನ ಪಾಳಿಯವಳದ್ದು ಸೇರಿಕೊಂಡಿರಬೇಕು — ಬೆಳಗಿನ ಪಾಳಿಯವಳ ಧ್ವನಿ ಹಿತ್ತಾಳೆ ಕೊಳಗ ತಟ್ಟಿದ ಹಾಗಿದೆ, ನನ್ನದು ಹಾಗಿಲ್ಲ ಎಂದು ಎಳೆ ಮಗುವಿಗೂ ಗೊತ್ತಾಗುತ್ತದೆ. ಅವರ ಮುಖ ನನ್ನ ಕಡೆಗಿರಲಿಲ್ಲ, ಕಿವಿ ನನ್ನ ಕಡೆಗಿತ್ತು. ಸರಿ, ನೀನಲ್ಲ ಅಂದ್ರೆ ನೀನಲ್ಲ ಅಂದು ಆ ಸಾಲನ್ನು ಕತ್ತರಿಸಿದರು, ಮರಳು ತಣಿದ ಕೂಡಲೇ ಬೇರುಗಳು ಬಂದವು, ನಡುವೆ ಏನೂ ಇರಲೇ ಇಲ್ಲವೆಂಬಂತೆ, ಕತ್ತರಿಸಿದ ಮಾತು ಎಲ್ಲಿಗೆ ಹೋಗುತ್ತದೆ ಎಂದು ಕೇಳಬೇಕೆನಿಸಿತು. ಆ ಸಂಜೆ ನನ್ನ ದಿನಚರಿಯಲ್ಲಿ ಮರುಭೂಮಿ ಮುಗಿಯಿತು, ಸೆಕೆ ಜಾಸ್ತಿ, ಎಲ್ಲ ಚೆನ್ನಾಗಿದೆ ಎಂದು ಬರೆದೆ, ಅದನ್ನೂ ಯಾರೋ ಬರೆದುಕೊಟ್ಟ ಹಾಗೆ, ನಾನು ನಕಲು ಮಾಡಿದ ಹಾಗೆ.

ಆಮೇಲೆ ಊಟದ ಬಿಡುವಿನಲ್ಲಿ, ಎಲ್ಲರೂ ಡಬ್ಬಿ ಹಿಡಿದು ಮೆಟ್ಟಿಲ ಕಡೆ ಹೋದ ಮೇಲೆ, ಹೆಡ್‌ಫೋನ್ ಹಾಕಿಕೊಂಡು, ಸಾರ್ ಇನ್ನೂ ತಿದ್ದದೆ ಇಟ್ಟ ನನ್ನ ಹಳೆಯ ಪಾಠಗಳನ್ನು ಕೇಳುವ ಚಟ ಹತ್ತಿತು, ಬೇರೆಯವರು ಹಳೇ ಫೋಟೋ ನೋಡುವಂತೆ, ಆದರೆ ಫೋಟೋದಲ್ಲಿ ನನ್ನ ಹಿಂದೆ ಯಾರಾದರೂ ನಿಂತಿದ್ದಾರಾ ಎಂದು ಹುಡುಕುವಂತೆ. ಜ್ವಾಲಾಮುಖಿಯ ಪಾಠದಲ್ಲಿ ಸಿಕ್ಕಳು, ಆ ಸಾಲಿನವಳು, ಲಾವಾರಸ ತಣಿದು ಗಟ್ಟಿಯಾಗುತ್ತದೆ, ನಗುತ್ತಿರುವವಳು ಅವಳಲ್ಲ, ಈ ಬಗೆಯ ಮಣ್ಣು ಬೆಳೆಗೆ ಉತ್ತಮ. ಗಾಳಿಯ ಪಾಠದಲ್ಲಿ ಇರಲಿಲ್ಲ. ನದಿಯಲ್ಲಿ ಇರಲಿಲ್ಲ, ಇಲ್ಲದ್ದಕ್ಕೆ ನೆಮ್ಮದಿಯಾಗುವ ಬದಲು ಬೇಜಾರಾಯಿತು, ಎಲ್ಲಿ ಹೋದಳು, ನನ್ನ ಮೇಲೆ ಮುನಿಸೇ — ಇದನ್ನು ನಾನು ಯೋಚಿಸಿದೆ, ನಿಜವಾಗಿ ಯೋಚಿಸಿದೆ, ಆಗಲೇ ಹೆಡ್‌ಫೋನ್ ಕಿತ್ತಿಟ್ಟೆ. ಸಮುದ್ರದ ಪಾಠ ಮಾತ್ರ ನನ್ನ ಹತ್ತಿರ ಇರಲಿಲ್ಲ, ಪರೀಕ್ಷೆ ಹತ್ತಿರ ಬಂತೆಂದು ಅದು ಕಿವಿ ಸಾರ್ ತಿದ್ದುವ ಮೊದಲೇ ವಿದ್ಯಾರ್ಥಿಗಳ ಕೈ ಸೇರಿತ್ತು. ಅದರ ಸಿ.ಡಿ.ಯನ್ನು ವಾಪಸ್ ತಂದುಕೊಟ್ಟವಳು ಎರಡು ಜಡೆಯ ಹುಡುಗಿ, ಕೋಲನ್ನು ನನ್ನ ಮೇಜಿಗೆ ಒರಗಿಸಿ, ನೀವೇ ಅಲ್ವಾ ಅಕ್ಕ ಭೂಗೋಳ ಓದಿದ್ದು, ಉಸಿರಲ್ಲೇ ಗೊತ್ತಾಯ್ತು ಅಂದಳು, ಪೂರ್ತಿ ಬಾಯಿಪಾಠ ಮಾಡಿದ್ದೀನಿ ಕೇಳಿ ಅಂದಳು, ನಾನು ಬೇಡ ಅನ್ನುವುದರೊಳಗೆ ಶುರು ಮಾಡಿದಳು, ನನ್ನ ಏರಿಳಿತ, ನನ್ನ ಬಿಡುವು, ನಾನು ಷಕಾರ ಒತ್ತುವ ರೀತಿ, ಇಷ್ಟು ಆಳಕ್ಕೆ ಸೂರ್ಯನ ಬೆಳಕು ತಲುಪುವುದಿಲ್ಲ, ಇಲ್ಲಿ ಯಾರಿಗೂ ಕೇಳಿಸುವುದಿಲ್ಲ, ಸ್ವಲ್ಪ ಹೊತ್ತು ಅಳಬಹುದು, ಆಳ ಹೆಚ್ಚಿದಂತೆ ನೀರಿನ ಒತ್ತಡವೂ ಹೆಚ್ಚುತ್ತದೆ. ಅವಳ ಮುಖದಲ್ಲಿ ಏನೂ ಇರಲಿಲ್ಲ. ಪಾಠ ಒಪ್ಪಿಸುವವರ ಮುಖ. ನನ್ನ ಮುಖವೂ ಆ ಕೋಣೆಯಲ್ಲಿ ಹೀಗೆಯೇ ಇತ್ತೇನೋ. ನಡುವಿನ ಆ ಸಾಲು ಅಂದೆ, ಹೂಂ ಅಕ್ಕ, ಅದು ಬಂದಾಗ ನಾನು ನಿಲ್ಲಿಸಿ ಒಂಚೂರು ಅತ್ತು, ಮುಖ ತೊಳ್ಕೊಂಡು ಬಂದು ಒತ್ತಡದ್ದು ಓದ್ತೀನಿ, ಹಾಸ್ಟೆಲಲ್ಲಿ ಇನ್ನೊಬ್ಬಳೂ ಹಾಗೇ ಮಾಡ್ತಾಳೆ, ಪರೀಕ್ಷೆಲಿ ಅದನ್ನೂ ಬರೀಬೇಕಾ ಅಕ್ಕ, ಬಿಟ್ರೆ ಮಾರ್ಕ್ಸ್ ಹೋಗುತ್ತಾ? ಬೇಡ, ಅದು ಬರೆಯೋದು ಬೇಡ ಅಂದೆ. ಯಾಕೆ ಅಂದಳು. ಸಿಲೆಬಸ್‌ನಲ್ಲಿ ಇಲ್ಲ ಅಂದೆ. ಅವಳಿಗೆ ಸ್ವಲ್ಪ ನಿರಾಸೆಯಾಯಿತು, ಕೋಲು ಹುಡುಕಿಕೊಂಡು ಹೋದಳು, ಬಾಗಿಲ ಹತ್ತಿರ ನಿಂತು, ಮುಂದಿನ ಪಾಠದಲ್ಲೂ ಇಂಥದ್ದು ಇಟ್ಟಿರಿ ಅಕ್ಕ ಎಂದಳು, ತಮಾಷೆಗೋ ನಿಜಕ್ಕೋ ತಿಳಿಯಲಿಲ್ಲ. ಈಗ ಈ ಹೊತ್ತಿಗೆ ನಾನಿಲ್ಲಿ ಬಾಯಿ ಮುಚ್ಚಿ ಕೂತಿರುವಾಗ ಯಾವುದೋ ಹಾಸ್ಟೆಲಿನ ಮಂಚದ ಮೇಲೆ ನಾನು ಮಾತಾಡುತ್ತಿದ್ದೇನೆ, ಯಾರೋ ತಲೆಯಾಡಿಸಿ ಕೇಳುತ್ತಿದ್ದಾರೆ, ಯಾರೋ ಎದ್ದು ಮುಖ ತೊಳೆಯಲು ಹೋಗುತ್ತಿದ್ದಾರೆ.

ನನಗೆ ಆಗಿರುವುದಾದರೂ ಏನು, ಅದೇ ತೊಂದರೆ, ಏನೂ ಆಗಿಲ್ಲ, ಮನೆಯಲ್ಲಿ ಯಾರೂ ಸತ್ತಿಲ್ಲ, ಯಾರೂ ಹೊಡೆಯುವುದಿಲ್ಲ, ಊಟಕ್ಕೆ ಕರೆಯುತ್ತಾರೆ, ಬಂದೆ ಅನ್ನುತ್ತೇನೆ, ತಟ್ಟೆಯಲ್ಲಿ ಬೆರಳಾಡಿಸಿ ಏಳುತ್ತೇನೆ, ಇಂಥ ಪುಟಗೋಸಿ ದುಃಖವನ್ನು ಹಿಡಿದುಕೊಂಡು ಡಾಕ್ಟರ ಬಾಗಿಲಲ್ಲಿ ಕೂರುವುದಕ್ಕೆ ಮುಖ ಬೇಕಲ್ಲ, ನಿಜವಾದ ಕಷ್ಟ ಇದ್ದವರ ಕುರ್ಚಿಯಲ್ಲಿ ಕೂತ ಹಾಗೆ. ಅಮ್ಮನಿಗೆ ಗಂಟಲು ತೋರಿಸಲು ಹೋಗುತ್ತೇನೆಂದು ಹೇಳಿ ಬಂದಿದ್ದೇನೆ, ಅರ್ಧ ನಿಜವೇ, ಅಮ್ಮ ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸೇ, ಅದಕ್ಕೆಲ್ಲ ಯಾಕೆ ದುಡ್ಡು ಸುರೀತೀಯ ಅಂದಳು. ಹಿಂದೊಮ್ಮೆ ಟಿವಿಯಲ್ಲಿ ಯಾರೋ ಕೌನ್ಸೆಲಿಂಗ್ ಬಗ್ಗೆ ಹೇಳುತ್ತಿದ್ದಾಗ ಚಿಕ್ಕಮ್ಮ, ಮಾತಾಡಿಸೋಕೆ ಫೀಸು ತಗೋತಾರಂತೆ ಅಕ್ಕ, ನಾನು ಇಷ್ಟು ವರ್ಷ ಊರೋರಿಗೆಲ್ಲ ಪುಕ್ಕಟೆ ಮಾಡಿದ್ನಲ್ಲೇ ಅಂದದ್ದು, ಅಮ್ಮನೂ ಅವಳೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕದ್ದು, ನಾನೂ ನಕ್ಕದ್ದು, ನಗುತ್ತಿರುವವಳು — ಬೇಡ. ಈ ವಿಳಾಸ ಕೊಟ್ಟವರು ಕಿವಿ ಸಾರ್, ಯಾವ ಪೀಠಿಕೆಯೂ ಇಲ್ಲದೆ, ಹಾಳೆ ಜೋಡಿಸುತ್ತಾ, ಕಣ್ಣು ಹೋದ ಹೊಸದರಲ್ಲಿ ನಾನೂ ಒಬ್ಬರ ಹತ್ರ ಹೋಗ್ತಿದ್ದೆ ಅಂದರು. ಅಲ್ಲಿ ಏನು ಮಾಡ್ತಾರೆ ಸಾರ್ ಅಂದೆ, ಬೇರೆ ಯಾರದೋ ವಿಷಯ ಕೇಳುವಂತೆ. ಏನೂ ಮಾಡಲ್ಲ, ಕೇಳಿಸ್ಕೋತಾರೆ, ಮೊದಲನೇ ದಿನ ನಾನು ಬರೀ ಮಂಡಿ ನೋವಿನ ಬಗ್ಗೆ ಮಾತಾಡಿ ಎದ್ದು ಬಂದೆ, ಕಣ್ಣಿನ ಮಾತೇ ಎತ್ತಲಿಲ್ಲ, ಆಯಮ್ಮ ಮುಂದಿನ ವಾರ ಮಂಡಿ ಹೇಗಿದೆ ಅಂದ್ರು. ಹುಚ್ಚು ಅಂತ ಬರೆದುಬಿಡ್ತಾರಾ ಸಾರ್? ನಕ್ಕರು, ನನಗೆ ಹಾಗೇನೂ ಬರೀಲಿಲ್ಲ, ಬರೆದಿದ್ರೂ ನಾನೆಲ್ಲಿ ಓದ್ತಿದ್ದೆ ಬಿಡಮ್ಮ ಅಂದರು. ಆಮೇಲೆ ನಗು ನಿಲ್ಲಿಸಿ, ಅವರು ನಿನ್ನ ಮಾತನ್ನ ತಿದ್ದಲ್ಲ, ನಾನು ತಿದ್ದೋ ಹಾಗೆ, ಅದೊಂದು ನೆನಪಿಟ್ಕೋ ಅಂದರು. ನನ್ನನ್ನು ಮೈಕಿನಿಂದ ತೆಗೀತೀರಾ ಸಾರ್ ಎಂದು ಕೇಳಬೇಕಿತ್ತು, ಕೇಳಿದರೆ ಆ ಸಾಲುಗಳು ನನ್ನವೇ ಎಂದು ಒಪ್ಪಿಕೊಂಡಂತೆ, ಒಪ್ಪಿಕೊಂಡರೆ ಆ ಕೋಣೆ ಹೋಯಿತು, ಒಪ್ಪದಿದ್ದರೆ ಅವಳು ದಿನಕ್ಕಿಷ್ಟು ಜಾಗ ಹಿಡಿಯುತ್ತಾ ಹೋಗುತ್ತಾಳೆ, ಒಂದು ಸಾಲು, ಆಮೇಲೆ ಒಂದು ಪುಟ, ಒಂದು ದಿನ ಪೂರ್ತಿ ಪಾಠ ಅವಳದ್ದೇ, ನಾನು ಆ ಕೋಣೆಯ ಗಾಜಿನ ಕಿಟಕಿಯ ಆಚೆಗೆ ನಿಂತು ಎಷ್ಟು ಚೆನ್ನಾಗಿ ಓದುತ್ತಾಳೆ ಅಂದುಕೊಳ್ಳುತ್ತಿರುತ್ತೇನೆ. ಎದ್ದು ಹೋಗಿಬಿಡಲೇ, ಚಪ್ಪಲಿ ಇಲ್ಲೇ ಇದೆ, ಬಸ್ಸು ಸಿಗುತ್ತದೆ, ಗಂಟಲು ಸರಿಯಾಗಿದೆ ಅಂದರಂತೆ ಎಂದರೆ ಅಮ್ಮನಿಗೆ ಖುಷಿಯೇ.

ಬಾಗಿಲು ತೆರೆದಿದೆ, ಸದ್ದೇ ಆಗಲಿಲ್ಲ, ಬನ್ನಿ ಅನ್ನುತ್ತಿದ್ದಾರೆ, ಮೊಣಕೈಯಲ್ಲಿ ಸ್ವೆಟರ್ ಸವೆದ, ಚಿಕ್ಕಮ್ಮನ ವಯಸ್ಸಿನ ಹೆಂಗಸು, ನಾನು ಎದ್ದಿದ್ದೇನೆ, ಹೋಗುವುದಕ್ಕೆಂದು ಎದ್ದೆನೋ ಒಳಗೆ ಬರುವುದಕ್ಕೋ, ಕಾಲು ಒಳಗೇ ಬಂದಿದೆ. ಬಾಗಿಲು ಮುಚ್ಚಿದ ಕೂಡಲೇ ಫ್ಯಾನೂ ಇಲ್ಲ, ಬೀದಿಯೂ ಇಲ್ಲ, ಇದು ಆ ಮೌನವೇ, ಕಿವಿಯೊಳಗೆ ಹತ್ತಿ ತುರುಕಿದಂಥ, ನನ್ನ ರಕ್ತದ ಸದ್ದು ನನಗೆ ಕೇಳಿಸುವಂಥ ಮೌನ, ಆದರೆ ಇಲ್ಲಿ ಹಾಳೆಗಳಿಲ್ಲ, ಮುಂದೆ ಓದುವುದಕ್ಕೆ ಏನೂ ಇಟ್ಟಿಲ್ಲ, ಕೈ ಎಲ್ಲಿಡಬೇಕೋ ತಿಳಿಯುತ್ತಿಲ್ಲ. ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ, ನಿಮ್ಮ ಜೀವಕ್ಕೇ ಅಪಾಯ ಅನ್ನಿಸಿದ್ರೆ ಮಾತ್ರ ನಿಮಗೆ ಹೇಳಿಯೇ ಬೇರೆಯವರ ಸಹಾಯ ತಗೋತೀನಿ, ನಿಮಗೆ ಸಾಕು ಅನ್ನಿಸಿದಲ್ಲಿ ನಿಲ್ಲಿಸ್ಬಹುದು, ಇವತ್ತು ಬರೀ ಕೂತು ಹೋಗ್ತೀನಿ ಅಂದ್ರೂ ಸರಿ ಅನ್ನುತ್ತಿದ್ದಾರೆ, ಇಷ್ಟೇನಾ, ನಾನು ಏನೇನೋ ಅಂದುಕೊಂಡಿದ್ದೆ, ಮಲಗಿಸುತ್ತಾರೆ, ಗಡಿಯಾರ ತೂಗಾಡಿಸುತ್ತಾರೆ. ಹೇಗಿದ್ದೀರಿ ಅಂದರು. ಚೆನ್ನಾಗಿದ್ದೇನೆ ಮೇಡಂ, ಸ್ವಲ್ಪ ಗಂಟಲು ನೋವು ಅಷ್ಟೇ, ಎಂದದ್ದು ಕೇಳಿಸಿತು, ಸ್ಪಷ್ಟವಾಗಿ, ಏರಿಳಿತದೊಂದಿಗೆ, ಪೂರ್ಣವಿರಾಮಕ್ಕೆ ಕೊಡಬೇಕಾದಷ್ಟೇ ಬಿಡುವಿನೊಂದಿಗೆ, ಇದೇ ಧ್ವನಿ, ಇದೇ, ಮೈಕಿನೆದುರು ಮಾತ್ರವಲ್ಲ, ಊಟಕ್ಕೆ ಬಂದೆ ಅನ್ನುವುದೂ ಇದೇ, ಚಿಕ್ಕಮ್ಮನೊಂದಿಗೆ ನಗುವುದೂ ಇದೇ, ದಿನವಿಡೀ ಇದೇ ಓದುತ್ತಿದೆ, ಹಾಗಾದರೆ ಗಂಟಲನ್ನು ಕದ್ದವಳು ಆ ಸಾಲುಗಳವಳಲ್ಲ, ಇವಳು, ಈ ಚೆನ್ನಾಗಿರುವವಳು, ಇಷ್ಟು ದಿನ ನಾನು ಹುಡುಕಿದ್ದು ತಪ್ಪು ಜಾಗದಲ್ಲಿ, ಪುಸ್ತಕದಲ್ಲಿಲ್ಲದ್ದಷ್ಟೇ ನನ್ನದು, ಉಳಿದದ್ದೆಲ್ಲ — ಅವರು ಕತ್ತರಿಸುತ್ತಿಲ್ಲ. ಸವೆದ ಮೊಣಕೈಯನ್ನು ಕುರ್ಚಿಯ ಕೈಯ ಮೇಲಿಟ್ಟುಕೊಂಡು ನೋಡುತ್ತಿದ್ದಾರೆ, ಆ ಮೊಣಕೈ, ಉಣ್ಣೆಯ ಎಳೆಗಳ ನಡುವೆ ಕಾಣುವ ಕಾಸಿನಷ್ಟಗಲದ ಚರ್ಮ, ಬೇರೇನೂ ಕಾಣುತ್ತಿಲ್ಲ, ಆ ಮೊಣಕೈ, ನನ್ನ ಬಾಯಿ ತೆರೆದಿದೆ, ಈಗ ಬರುವುದು ಯಾರ ಮಾತೋ ಎಂದು ಕಾಯುತ್ತಿದ್ದೇನೆ, ಉಸಿರು ಸದ್ದು ಮಾಡುತ್ತಿದೆ, ಮಾಡಲಿ, ಧ್ವನಿ ಒಡೆದು, ಕೀರಲಾಗಿ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲದೆ,

ಸುಳ್ಳು ಹೇಳಿದೆ ಮೇಡಂ, ನಾನು ಚೆನ್ನಾಗಿಲ್ಲ.