ಕಾಗದಕ್ಕೆ ಬರೆದ ಬೆಲೆ

ಇಂಡಿ ಪಟ್ಟಣದ ಉಪನೋಂದಣಿ ಕಚೇರಿಯ ಎದುರು ಬೇವಿನ ಮರದ ಕೆಳಗೆ ಟೇಬಲ್ ಹಾಕಿಕೊಂಡು ಬಾಂಡ್ ಬರೆಯುವ ಚನ್ನಬಸಯ್ಯನಿಗೆ ತನ್ನ ಕೆಲಸದ ಮೇಲೆ ಭಾರಿ ಅಭಿಮಾನ. ಮೂವತ್ತೊಂದು ವರ್ಷದಲ್ಲಿ ತಾನು ಬರೆದ ಒಂದು ಖರೀದಿ ಪತ್ರವೂ ಕೋರ್ಟಿನಲ್ಲಿ ಬಿದ್ದಿಲ್ಲ ಎಂದು ಕೇಳಿದವರಿಗೆ ಹೇಳುತ್ತಿದ್ದ, ಕೇಳದವರಿಗೆ ಇನ್ನೂ ಜೋರಾಗಿ ಹೇಳುತ್ತಿದ್ದ. ನಮ್ಮ ಕಡೆ ಸಿಂದಗಿಯಿಂದ ಹಿಡಿದು ಮುದ್ದೇಬಿಹಾಳ, ಬಸವನ ಬಾಗೇವಾಡಿಯವರೆಗೂ ಹೊಲಕ್ಕೆ, ಪ್ಲಾಟಿಗೆ ಎರಡೆರಡು ಬೆಲೆ. ಬಾಯಿಮಾತಿನದು ಒಂದು, ಕಾಗದದ್ದು ಇನ್ನೊಂದು. ನಾಲ್ಕು ಲಕ್ಷದ ಹೊಲವನ್ನು ಕಾಗದದಲ್ಲಿ ತೊಂಬತ್ತು ಸಾವಿರಕ್ಕೆ ಇಳಿಸುವುದನ್ನು ಯಾರೂ ಸುಳ್ಳು ಎನ್ನುತ್ತಿರಲಿಲ್ಲ. ಸ್ಟ್ಯಾಂಪ್ ಶುಲ್ಕ ಉಳಿಸಿಕೊಟ್ಟ ಎನ್ನುತ್ತಿದ್ದರು. ಹಾಗೆ ಉಳಿಸಿಕೊಡುವುದರಲ್ಲಿ ಚನ್ನಬಸಯ್ಯನನ್ನು ಮೀರಿಸಿದವರಿರಲಿಲ್ಲ.

ಎರಡು ಸಾವಿರದ ನಾಲ್ಕರ ಏಪ್ರಿಲ್ ತಿಂಗಳು. ಪಕ್ಕದ ಮನೆಯ ಶಮಶಾದಬಿ ಒಂದು ಕರವಸ್ತ್ರದ ಗಂಟು ಹಿಡಿದು ಅವನ ಮನೆಯ ಕಟ್ಟೆಗೆ ಬಂದಳು. ಗಂಟಿನಲ್ಲಿ ಒಂದು ಕೈಗಡಿಯಾರವಿತ್ತು. ಬಂಗಾರದ್ದೇನಲ್ಲ, ಬರೀ ಸ್ಟೀಲು, ಕಪ್ಪು ಮುಖ, ಸವೆದ ಪಟ್ಟಿ. ಅವಳ ಗಂಡ ಮಲಿಕಸಾಬ ಕುವೈತಿನ ಒಬ್ಬ ದೊಡ್ಡ ಮನುಷ್ಯನ ಮನೆಯಲ್ಲಿ ಹನ್ನೊಂದು ವರ್ಷ ಕಾರು ಓಡಿಸಿದ್ದ. ಆ ಯಜಮಾನ ಸತ್ತಾಗ ಮನೆಯವರು ಅವನದೇ ಗಡಿಯಾರವನ್ನು ಇವನ ಕೈಗೆ ಕಟ್ಟಿ ಕಳಿಸಿದ್ದರು. ಇಂಡಿಗೆ ಬಂದ ಮೇಲೆ ಮಲಿಕಸಾಬ ಅದನ್ನು ಕಟ್ಟಿಕೊಂಡೇ ಟೆಂಪೊ ಓಡಿಸಿದ, ಮೂರು ವರ್ಷದ ಹಿಂದೆ ತೀರಿಕೊಂಡ.

"ಇದು ಭಾರಿ ಗಡಿಯಾರ, ಸುಮ್ನ ಮಾರಬ್ಯಾಡ ಅಂತ ಅವರು ಹೇಳ್ತಿದ್ರು, ಅಣ್ಣಾರ. ಈಗ ಹುಮಾಗ ಸೀಟು ಬೇಕಾಗೇತಿ," ಎಂದಳು.

ಹುಮಾ ಅವಳ ಒಬ್ಬಳೇ ಮಗಳು. ಪಿಯುಸಿ ಪಾಸಾಗಿದ್ದಳು. ಓಣಿಯ ಹತ್ತು ಮಕ್ಕಳನ್ನು ಸಂಜೆ ಕೂರಿಸಿಕೊಂಡು ಮಗ್ಗಿ ಹೇಳಿಕೊಡುತ್ತಿದ್ದಳು. ಅವಳಿಗೆ ಮಾಸ್ತರಿಣಿ ಆಗಬೇಕು, ಅದಕ್ಕೆ ಡಿ.ಎಡ್ ಓದಬೇಕು. ಸರಕಾರಿ ಸೀಟು ನಾಲ್ಕು ಅಂಕದಲ್ಲಿ ತಪ್ಪುವ ಹಾಗಿತ್ತು. ಬಿಜಾಪುರದ ಒಂದು ಕಾಲೇಜಿನವರು ಎಂಬತ್ತೈದು ಸಾವಿರ ಕೊಟ್ಟರೆ ಸೀಟು ಎಂದಿದ್ದರು. ಜುಲೈ ಇಪ್ಪತ್ತು ಕೊನೆಯ ದಿನ. ಇತ್ತ ತಾಳಿಕೋಟೆಯಿಂದ ಅವಳ ದೊಡ್ಡಪ್ಪ ರಸೂಲಸಾಬ ಒಂದು ಸಂಬಂಧ ತಂದಿದ್ದ. ಕೆಟ್ಟ ಮನುಷ್ಯನಲ್ಲ ಅವನು. "ಸೀಟು ಸಿಕ್ರ ಓದ್ಲಿ, ಎರಡು ವರ್ಷ ನಾ ತಡೀತೇನಿ. ಸಿಗಲಿಲ್ಲಂದ್ರ ನಿಕಾಹ್," ಎಂದು ಖಡಾಖಂಡಿತ ಹೇಳಿ ಹೋಗಿದ್ದ.

ಸೊಲ್ಲಾಪುರದ ಗಡಿಯಾರದ ಅಂಗಡಿಯವನು ಇಪ್ಪತ್ತು ಸಾವಿರಕ್ಕಿಂತ ಮೇಲೆ ಏರಲಿಲ್ಲ. ಆಗ ಚನ್ನಬಸಯ್ಯ ಅವಳನ್ನು ಬಸ್ ಸ್ಟ್ಯಾಂಡ್ ಹತ್ತಿರದ ಸಂಜೀವಕುಮಾರನ ಇಂಟರ್‌ನೆಟ್ ಅಂಗಡಿಗೆ ಕರೆದುಕೊಂಡು ಹೋದ. ಸಂಜೀವಕುಮಾರ ಗಡಿಯಾರದ ಫೋಟೊ ತೆಗೆದು, ಹಳೇ ಗಡಿಯಾರ ಸಂಗ್ರಹಿಸುವವರಿಗೆ ಕಾಣುವ ಹಾಗೆ ಹಾಕಿದ. ಹನ್ನೆರಡನೇ ದಿನ ಜರ್ಮನಿಯ ಒಬ್ಬ ಮುದುಕ ನಾಲ್ಕು ಸಾವಿರದ ಇನ್ನೂರು ಡಾಲರ್ ಕೊಡುತ್ತೇನೆ, ಗಡಿಯಾರ ಕೈಗೆ ಮುಟ್ಟಿದ ದಿನವೇ ಹಣ ಕಳಿಸುತ್ತೇನೆ ಎಂದು ಬರೆದ. ಅಂದರೆ ಹತ್ತಿರ ಹತ್ತಿರ ಒಂದು ಲಕ್ಷ ತೊಂಬತ್ತು ಸಾವಿರ. ಶಮಶಾದಬಿ ಅಂಗಡಿಯ ಸ್ಟೂಲಿನ ಮೇಲೆ ಕೂತುಬಿಟ್ಟಳು. ನೀರು ಕೊಟ್ಟರೆ ಕುಡಿಯಲೂ ಅವಳಿಗೆ ತಿಳಿಯಲಿಲ್ಲ.

ಮುದುಕನ ಪತ್ರದಲ್ಲಿ ಇನ್ನೊಂದು ಮಾತಿತ್ತು. ಸಂಜೀವಕುಮಾರ ಅದನ್ನು ಕನ್ನಡದಲ್ಲಿ ಹೇಳಿದ: "ಪಾರ್ಸೆಲ್ ಫಾರಂನಾಗ ಖರೇ ಬೆಲಿ ಬರೀರಿ, ಇಲ್ಲಿ ತೆರಿಗಿ ಎಷ್ಟ ಬಿದ್ರೂ ನಾ ಕಟ್ಟತೇನಿ ಅಂದಾನ್ರಿ."

ಚನ್ನಬಸಯ್ಯ ನಕ್ಕ. ಮೂವತ್ತೊಂದು ವರ್ಷದಲ್ಲಿ ಪೂರಾ ಬೆಲೆ ಬರೀರಿ ಎಂದ ಗಿರಾಕಿಯನ್ನು ಅವನು ನೋಡಿರಲಿಲ್ಲ. ಇಂಥ ಭೋಳೆ ಮನುಷ್ಯರೂ ಇರುತ್ತಾರಲ್ಲ ಎನ್ನಿಸಿತು.

"ಅವಂದು ಅವ ಕಟ್ಟತಾನ, ನಮ್ಮದು ಯಾರು ಕಟ್ಟವರು? ಎರಡು ಲಕ್ಷದ ಕಾಗದ ಹುಟ್ಟಿತಂದ್ರ ನಾಳೆ ಇನ್‌ಕಮ್ ಟ್ಯಾಕ್ಸಿನವರು ಈ ತಂಗಿ ಬಾಗಿಲಿಗಿ ಬರ್ತಾರ. ಬರೀ, ಹಳೇ ಗಡಿಯಾರ, ಐವತ್ತು ಡಾಲರ್," ಎಂದ.

"ಅವ ಖರೇ ಬರೀರಿ ಅಂದಾನಲ್ರಿ?"

"ನನಗ ಬರಿಯೋದು ಕಲಸ್ತೀಯೇನಪಾ?"

ಸಂಜೀವಕುಮಾರ ಬರೆದ. ಹುಮಾ ತಾಯಿಯ ಹಿಂದೆ ನಿಂತಿದ್ದಳು. ಏನೋ ಹೇಳಲು ಬಾಯಿ ತೆರೆದವಳು ಹಿರಿಯರ ಮಾತಿನ ನಡುವೆ ಬೇಡ ಎಂದು ಸುಮ್ಮನಾದಳು. ಫಾರಂನ ಕೆಳಗೆ ಶಮಶಾದಬಿ, ಚನ್ನಬಸಯ್ಯ ಬೆರಳಿಟ್ಟು ತೋರಿಸಿದ ಜಾಗದಲ್ಲಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು. ಅವಳಿಂದ ಒಂದು ಪೈಸೆಯನ್ನೂ ಚನ್ನಬಸಯ್ಯ ತೆಗೆದುಕೊಳ್ಳಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಒಬ್ಬ ವಿಧವೆಗೆ ತೆರಿಗೆ ಉಳಿಸಿಕೊಟ್ಟೆ ಎಂಬ ಸಂತೋಷದಲ್ಲಿ ಅವನು ಅಂದು ಎರಡು ರೊಟ್ಟಿ ಹೆಚ್ಚಿಗೆ ಉಂಡ.

ಮೇ ಕೊನೆಯಲ್ಲಿ ಪಾರ್ಸೆಲ್ ಹೋಯಿತು. ಜೂನ್ ಹದಿನೇಳಕ್ಕೆ ಮುದುಕನ ಪತ್ರ ಬಂತು. ಅಲ್ಲಿನ ಕಸ್ಟಮ್ಸ್‌ನವರು ಡಬ್ಬಿ ಬಿಚ್ಚಿ ನೋಡಿದ್ದರು. ಗಡಿಯಾರ ಏನೆಂದು ಅವರಿಗೆ ನೋಡಿದ ಕೂಡಲೇ ಗೊತ್ತಾಗಿತ್ತು. ಐವತ್ತು ಡಾಲರ್ ಎಂಬ ಬರಹ ಸುಳ್ಳು, ಇದು ತೆರಿಗೆ ತಪ್ಪಿಸುವ ಸಾಗಾಟ ಎಂದು ಜಪ್ತಿ ಮಾಡಿದ್ದರು. ಮುದುಕನನ್ನೂ ಕರೆಸಿ ಎರಡು ತಾಸು ವಿಚಾರಣೆ ಮಾಡಿದ್ದರಂತೆ. ಕಳಿಸಿದವರು ಗಡಿಯಾರದ ಮೂಲ ರಸೀದಿ ತೋರಿಸಿ, ದಂಡ ಕಟ್ಟಿ, ಮೂವತ್ತು ದಿನದಲ್ಲಿ ಬಿಡಿಸಿಕೊಳ್ಳಬಹುದು. ನನಗೆ ಮಾತ್ರ ಇನ್ನು ಈ ವ್ಯವಹಾರ ಬೇಡ ಎಂದು ಬರೆದಿದ್ದ. ಕೊನೆಗೆ ಒಂದು ಪ್ರಶ್ನೆ ಕೇಳಿದ್ದ: ನಾನು ಖರೇ ಬೆಲೆ ಬರೆಯಿರಿ ಎಂದಿದ್ದೆನಲ್ಲ, ಯಾಕೆ ಹೀಗೆ ಮಾಡಿದಿರಿ?

ಈ ಪ್ರಶ್ನೆಯೊಂದನ್ನು ಚನ್ನಬಸಯ್ಯ ಬಿಟ್ಟ. ಬೇರೆಲ್ಲ ಬರೆದ. ಬಾಂಡ್ ಪೇಪರಿನ ಮೇಲೆ ಅಫಿಡವಿಟ್ ಮಾಡಿಸಿದ, ನೋಟರಿಯ ಸಿಕ್ಕಾ ಹಾಕಿಸಿದ, ತಪ್ಪು ನನ್ನದು, ಆ ಹೆಣ್ಣುಮಗಳದಲ್ಲ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿ ಕಳಿಸಿದ. ಅಲ್ಲಿಂದ ಜರ್ಮನ್ ಭಾಷೆಯ ನಾಲ್ಕು ಪುಟದ ಫಾರಂ ಬಂತು. ಇಂಡಿಯಲ್ಲಿ ಅದನ್ನು ಓದುವವರು ಯಾರು? ಸತ್ತ ಯಜಮಾನ ಎಂದೋ ಕೊಂಡ ಗಡಿಯಾರದ ರಸೀದಿಯನ್ನು ಕುವೈತಿನಲ್ಲಿ ಯಾರನ್ನು ಕೇಳುವುದು? ನಾಲ್ಕು ಜಿಲ್ಲೆಯ ಜಮೀನಿನ ಉತಾರ, ಪಹಣಿ ಹುಡುಕಿ ತೆಗೆಯಬಲ್ಲ ಮನುಷ್ಯ ಆ ಫಾರಂ ಹಿಡಿದುಕೊಂಡು ದಿನಗಟ್ಟಲೆ ಸುಮ್ಮನೆ ಕೂತ. ಸೊಸೈಟಿಯಲ್ಲಿದ್ದ ತನ್ನ ಮೂವತ್ತು ಸಾವಿರ ತೆಗೆದುಕೊಂಡು ಕಾಲೇಜಿಗೆ ಹೋಗಿ ಉಳಿದದ್ದಕ್ಕೆ ಆರು ತಿಂಗಳು ಕೇಳಿದ. ಅವರು ಒಂದೇ ಸಲಕ್ಕೆ ಪೂರಾ ಬೇಕು ಎಂದರು.

ಅದೇ ದಿನ ಬಿಜಾಪುರದಲ್ಲಿ ಪರಿಚಯದ ತೆರಿಗೆ ವಕೀಲ ಶ್ರೀಶೈಲನ ಕಚೇರಿಗೂ ಹೋದ. ಏನಾದರೂ ದಾರಿ ಇದ್ದೀತೇ ಎಂದು ಎಲ್ಲ ಹೇಳಿಕೊಂಡ. ಶ್ರೀಶೈಲ ಪೂರ್ತಿ ಕೇಳಿ ಕನ್ನಡಕ ತೆಗೆದಿಟ್ಟ.

"ಅಯ್ಯಾರ, ನೀವು ಯಾವ ತೆರಿಗಿ ಉಳಸಾಕ ಹೋಗಿದ್ರಿ?"

"ನಮ್ಮ ಕಡೀದು. ಎರಡು ಲಕ್ಷಕ್ಕ ಬೀಳೂದು."

"ಏನೂ ಬೀಳ್ತಿರಲಿಲ್ರಿ. ಬಂಗಾರದ ಒಡವಿ ಆಗಿದ್ರ ಲಾಭದ ಮ್ಯಾಲ ಲೆಕ್ಕ ಬರ್ತಿತ್ತು. ಇದು ಸ್ಟೀಲಿನ ಗಡಿಯಾರ. ಮೈಮ್ಯಾಲೆ ಹಾಕ್ಕೊಂಡು ಬಳಸಿದ ಸ್ವಂತದ ಸಾಮಾನು. ಅದನ್ನ ಮಾರಿದ್ರ ನಮ್ಮಲ್ಲಿ ತೆರಿಗಿ ಇಲ್ಲ. ಅಲ್ಲೀದು ತಗೊಂಡವ ಕಟ್ಟತೇನಿ ಅಂದಿದ್ದ. ಖರೇ ಬೆಲಿ ಬರೆದಿದ್ರ ಆ ತಾಯಿಗೆ ಅಷ್ಟೂ ರೊಕ್ಕ ಬರ್ತಿತ್ತು."

ಚನ್ನಬಸಯ್ಯ ತಂದಿದ್ದ ಕಾಗದಗಳನ್ನು ಮಡಚಿ ಚೀಲಕ್ಕೆ ಹಾಕಿದ. ತೆರಿಗೆ ಇದ್ದಿದ್ದರೆ, ಒಂದು ಸಾವಿರವಾದರೂ ಇದ್ದಿದ್ದರೆ, ತಾನು ಏನನ್ನೋ ಕಾಯಲು ಹೋಗಿದ್ದೆ ಎಂದಾದರೂ ಹೇಳಿಕೊಳ್ಳಬಹುದಿತ್ತು. ಶ್ರೀಶೈಲ ಚಹಾ ತರಿಸಿದ. ಅದು ಆರಿ ಕೆನೆಗಟ್ಟಿತು.

ಇಂಡಿಗೆ ಮರಳಿ ನೆಟ್ಟಗೆ ಶಮಶಾದಬಿಯ ಮನೆಗೇ ಹೋದ. ಬೇಕಾದರೆ ಮುಚ್ಚಿಡಬಹುದಿತ್ತು. ಬಸ್ಸಿನಲ್ಲಿ ಹಾಗೆ ಅಂದುಕೊಂಡೂ ಇದ್ದ. ಆದರೆ ಅವಳೇ ಸಮಾಧಾನ ಹೇಳತೊಡಗಿದಳು.

"ಮನಸ್ಸಿಗಿ ಹಚಗೋಬ್ಯಾಡ್ರಿ ಅಣ್ಣಾರ. ಖರೇ ಬೆಲಿ ಬರೆದಿದ್ರೂ ತೆರಿಗಿಗೇ ಅರ್ಧ ಹೋಗ್ತಿತ್ತಲ್ರಿ."

"ಇಲ್ಲವ್ವ," ಎಂದ ಚನ್ನಬಸಯ್ಯ. "ಒಂದು ಪೈಸಾನೂ ಹೋಗ್ತಿರಲಿಲ್ಲ. ತೆರಿಗೀನೇ ಇರಲಿಲ್ಲ."

ಒಳಗೆ ಹುಮಾ ಮಕ್ಕಳಿಗೆ ಹೇಳಿಸುತ್ತಿದ್ದ ಮಗ್ಗಿ ನಿಂತಿತು. ಶಮಶಾದಬಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಅವಳು ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಬೈಯಲಿಲ್ಲ.

ಜುಲೈ ಇಪ್ಪತ್ತು ಬಂತು, ಹೋಯಿತು. ಮರುದಿನ ಶಮಶಾದಬಿ ಬಂದು ಅವನ ಮನೆಯ ಹೊಸ್ತಿಲ ಹೊರಗೇ ನಿಂತಳು.

"ಶುಕ್ರವಾರ ತಾಳಿಕೋಟಿಯವರು ಬರ್ತಾರ್ರಿ. ಭಾವ ಅವರ ಕಡೆ ಕೂಡ್ತಾನ. ನಮ್ಮ ಕಡಿಂದ ಒಬ್ರು ಹಿರ್ಯಾರು ಬೇಕು. ನೀವು ಬರ್ರಿ."

"ನಾನವ್ವ? ನಾ ಹೆಂಗ ಬರಲಿ? ಯಾವ ಮಾರಿ ಹೊತ್ಕೊಂಡು ಕೂಡಲಿ?"

"ಮತ್ಯಾರನ್ನ ಕರೀಲ್ರಿ ನಾ?"

ಶುಕ್ರವಾರ ನಮಾಜು ಮುಗಿದ ಮೇಲೆ ಐದು ಜನ ಬಂದರು. ಚಾಪೆಯ ಈ ತುದಿಗೆ ಚನ್ನಬಸಯ್ಯ ಒಬ್ಬನೇ, ಆ ತುದಿಗೆ ರಸೂಲಸಾಬನ ಜೊತೆ ಬೀಗರಾಗುವವರು. ವರನ ತಂದೆ ತಾಳಿಕೋಟೆಯಲ್ಲಿ ಬಳೆ ಅಂಗಡಿ ಇಟ್ಟವನು, ಸಭ್ಯಸ್ಥ. ಮಳೆ, ಬಸ್ಸು, ತೊಗರಿಯ ರೇಟಿನ ಮಾತುಗಳು ಮುಗಿದ ಮೇಲೆ ಅವನು ಮೆಲ್ಲಗೆ ಕೇಳಿದ.

"ಹುಡುಗಿ ಭಾಳ ಶ್ಯಾಣ್ಯಾ ಅದಾಳ ಅಂತ ಕೇಳೇವ್ರಿ. ನಮ್ಮ ಮನ್ಯಾಗ ಹೆಣ್ಮಕ್ಕಳು ಹೊರಗ ಹೋಗಿ ದುಡದಿಲ್ಲ. ಮುಂದ ಓದಬೇಕು, ಮಾಸ್ತರಕಿ ಮಾಡಬೇಕು ಅಂತೇನರ ಅಕಿ ಮನಸ್ಸಿನ್ಯಾಗ ಐತೇನ್ರಿ? ಇದ್ರ ಈಗ ಹೇಳಿಬಿಡ್ರಿ, ಆಮ್ಯಾಲೆ ಮಾತು ಬರಬಾರ್ದು."

ಚನ್ನಬಸಯ್ಯ ತಲೆ ಎತ್ತಿದ. ಪರದೆಯ ಸಂದಿಯಲ್ಲಿ ಶಮಶಾದಬಿ ಕಂಡಳು. ಎರಡೂ ಕೈ ಜೋಡಿಸಿಕೊಂಡಿದ್ದಳು. ಈ ಸಂಬಂಧವೂ ತಪ್ಪಿದರೆ ನನ್ನ ಹತ್ತಿರ ಇನ್ನೇನಿದೆ ಎಂದು ಆ ಕೈಗಳು ಕೇಳುತ್ತಿದ್ದವು. ಅವಳ ಹಿಂದೆ ಚಹಾದ ತಟ್ಟೆ ಹಿಡಿದು ಹುಮಾ ನಿಂತಿದ್ದಳು, ಅವನ ಬಾಯನ್ನೇ ನೋಡುತ್ತ.

"ಇಲ್ರಿ," ಎಂದ ಚನ್ನಬಸಯ್ಯ. "ಅಕಿಗೆ ಅಂಥಾದ್ದೇನೂ ಇಲ್ಲ."

ಹುಮಾ ಹೊರಗೆ ಬಂದು ಎಲ್ಲರಿಗೂ ಚಹಾ ಕೊಟ್ಟಳು. ಕೊನೆಗೆ ಅವನಿಗೂ ಕೊಟ್ಟಳು.