ಹದಿನಾಲ್ಕನೆಯ ಅಡಿಟಿಪ್ಪಣಿ

೧

ಅಂಕಿಅಂಶದಿಂದ ಶುರು ಮಾಡಿದರೆ ಓದುಗ ಆಕಳಿಸುತ್ತಾನೆ, ಅಕ್ಕನಿಂದ ಶುರು ಮಾಡಿದರೆ ಅಕ್ಕ ಬೈಯುತ್ತಾಳೆ, ತನ್ನಿಂದ ಶುರು ಮಾಡಿದರೆ... ಅಲ್ಲಿಗೆ ಬಂದಾಗಲೆಲ್ಲ ಕತೆಗಾರ ಎದ್ದು ಹೋಗಿ ಕಿಟಕಿ ಒರೆಸುತ್ತಿದ್ದ. ಕತೆ ಒಂದು ಸಾಲೂ ಮುಂದೆ ಹೋಗಿರಲಿಲ್ಲ. ಕಿಟಕಿ ಮಾತ್ರ ಗಾಜಿದೆಯೋ ಇಲ್ಲವೋ ಎಂಬಷ್ಟು ತಿಳಿಯಾಗಿತ್ತು.

(ಓದುಗರೇ, ಇದು ಕತೆಯ ಆರಂಭವಲ್ಲ. ಆರಂಭ ಸಿಕ್ಕ ಕೂಡಲೇ ಇದನ್ನು ತೆಗೆದುಹಾಕಲಾಗುವುದು.)

೨

ಮೊದಲ ಡ್ರಾಫ್ಟನ್ನು ಖಿನ್ನತೆಯ ಬಗ್ಗೆ ಮೂವತ್ತೊಂದು ಲೇಖನ ಓದಿ ಬರೆದಿದ್ದ. ಎಲ್ಲವೂ ಸರಿಯಾಗಿತ್ತು, ಯಾರೂ ಬದುಕಿರಲಿಲ್ಲ. ಬಿಸಾಕಿದ. ಎರಡನೆಯದನ್ನು ಅಳುತ್ತ ಬರೆದ. ಎಲ್ಲರೂ ಬದುಕಿದ್ದರು, ಏನೂ ಸರಿಯಿರಲಿಲ್ಲ. ಮಾತ್ರೆ ನುಂಗಿದ ಮರುದಿನವೇ ನಾಯಕಿ ಹಾಡುತ್ತಿದ್ದಳು. ಅದೂ ಹೋಯಿತು.

ಮೂರನೆಯದರಲ್ಲಿ ಅರ್ಧ ಓದು, ಅರ್ಧ ಅಕ್ಕ. ಏಳು ವರ್ಷದ ಹಿಂದೆ ಅಕ್ಕ ನಾಲ್ಕು ತಿಂಗಳು ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಅವಳು ಒಪ್ಪಿದರೆ ಮಾತ್ರ ಅಚ್ಚಿಗೆ ಕೊಡುತ್ತೇನೆಂದು ಮಾತು ಕೊಟ್ಟಿದ್ದ.

೩

ಅಕ್ಕನ ಕೆಲಸ ಕನ್ನಡಕದ ಅಂಗಡಿಯ ಹಿಂಕೋಣೆಯಲ್ಲಿ. ಗಾಜಿನ ಅಂಚು ಉಜ್ಜಿ ಫ್ರೇಮಿಗೆ ಕೂರಿಸಬೇಕು. ನೀರು ಹನಿಯುವ ಸಾಣೆಚಕ್ರದಿಂದ ಬಿಳಿ ಪುಡಿ ಹಾಲಿನಂತೆ ಇಳಿಯುತ್ತಿತ್ತು. ಬಿಸಿಲು ನೂರಾರು ಗಾಜುಗಳಲ್ಲಿ ಬಗ್ಗಿ ಗೋಡೆಯ ಮೇಲೆ ಮೀನುಗಳ ಹಾಗೆ ಈಜುತ್ತಿತ್ತು. ಅವಳು ಚಕ್ರ ನಿಲ್ಲಿಸಿ, ಕೈ ಒರೆಸಿಕೊಂಡು, ಅವನು ತಂದ ಹಾಳೆಗಳನ್ನು ತೆಗೆದುಕೊಂಡಳು.

"ಏನೋ ಪಂಡಿತ, ನನ್ನನ್ನ ಎಷ್ಟು ಪುಟಕ್ಕೆ ಇಳಿಸಿದೀಯ?"

"ಒಂಬತ್ತು."

"ಅಷ್ಟೇನಾ? ನಾಲ್ಕು ತಿಂಗಳು ಮಲಗಿದ್ದಕ್ಕೆ?" ಓದತೊಡಗಿದಳು. "ಕತ್ತಲ ಗುಹೆಯಂತೆ. ಯಾವ ಗುಹೆನೋ? ನಾನು ಕಿಟಕಿ ಪಕ್ಕ ಮಲಗಿದ್ದೆ. ಬೆಳಕೇ ತಡ್ಕೊಳೋಕೆ ಆಗ್ತಿರ್ಲಿಲ್ಲ."

"ಓದಿದ್ದರಲ್ಲಿ ಎಲ್ಲರೂ ಕತ್ತಲೆ ಅಂತಾನೇ ಹೇಳಿದಾರೆ ಅಕ್ಕ."

"ಹಾಗಾದ್ರೆ ಒಪ್ಪಿಗೆನೂ ಅವರ ಹತ್ರಾನೇ ಕೇಳು."

(ಪಾತ್ರಗಳನ್ನು ಹಿಡಿತದಲ್ಲಿಡಬೇಕೆಂದು ಅವನು ಎಲ್ಲೋ ಓದಿದ್ದ. ಪಾತ್ರ ತನಗಿಂತ ಎರಡು ವರ್ಷ ದೊಡ್ಡವಳಾಗಿದ್ದರೆ ಏನು ಮಾಡಬೇಕೆಂದು ಅಲ್ಲಿ ಬರೆದಿರಲಿಲ್ಲ.)

ಆರನೆಯ ಪುಟದಲ್ಲಿ ಅವಳ ಕಣ್ಣು ನಿಂತಿತು. ಗಟ್ಟಿಯಾಗಿ ಓದಿದಳು: "ಒಂದು ಕಾಲಿಗೆ ಶೂ ಹಾಕಿಕೊಂಡಳು. ಇನ್ನೊಂದು ಕಾಲು ಪಕ್ಕದ ಮನೆಯವರದೇನೋ ಅನ್ನಿಸಿತು. ಅವರು ಬಂದು ತೆಗೆದುಕೊಂಡು ಹೋಗಲಿ ಎಂದು ಸಂಜೆಯವರೆಗೂ ಕಾದು ಕೂತಳು."



"ಇದು ನಂದಲ್ಲ ಕಣೋ. ಶೂ ಹಾಕ್ಕೊಳೋಕೆ ನಾನು ಎದ್ದಿದ್ರೆ ತಾನೇ! ಯಾರದಿದು?"

"ಕೆಳಗೆ ಹದಿನಾಲ್ಕನೇ ಟಿಪ್ಪಣಿ ನೋಡು. ಯಾರೋ ಒಬ್ಬರು ಸಂಶೋಧಕರಿಗೆ ಹೇಳಿದ್ದು."

(ಅಂಥ ಲೇಖನವೇ ಇಲ್ಲ. ಪತ್ರಿಕೆಯ ಹೆಸರು, ವರ್ಷ, ಪುಟ ಎಲ್ಲವನ್ನೂ ಕತೆಗಾರ ಕೂತು ಕಟ್ಟಿದ್ದ. ಕಾಲು ಅವನದು. ಅಕ್ಕ ಎದ್ದು ಓಡಾಡತೊಡಗಿದ ಮರುವರ್ಷ, ಬೇರೆ ಊರಿನ ಒಂದು ಬಾಡಿಗೆ ಕೋಣೆಯಲ್ಲಿ ಹಾಗೆ ಕಾದು ಕೂತವನು ಅವನೇ. ಅಲ್ಲಿಂದ ಪ್ರತಿ ಭಾನುವಾರ ಫೋನ್ ಮಾಡಿ ಅವಳ ಆರೋಗ್ಯ ವಿಚಾರಿಸುತ್ತಿದ್ದ.)

೫

(೪ ಎಲ್ಲಿ ಎಂದು ಕೇಳಬೇಡಿ. ಅದರಲ್ಲಿ ಅವನು ಎಲ್ಲವನ್ನೂ ಹೇಳಿಬಿಟ್ಟಿದ್ದ.)

"ನನ್ನದನ್ನ ತೆಗೆದುಹಾಕು," ಎಂದಳು ಅಕ್ಕ. "ಈ ಒಂಬತ್ತು ಪುಟದಲ್ಲಿ ಉಸಿರಾಡ್ತಾ ಇರೋದು ಇದೊಂದೇ ಜೀವ. ಇವರದನ್ನ ಬರಿ, ನಿನ್ನ ಓದೆಲ್ಲ ಅದಕ್ಕೆ ಉಪಯೋಗಕ್ಕೆ ಬರ್ಲಿ. ಪಾಪ, ಆಮೇಲೇನಾಯ್ತಂತೆ? ಇನ್ನೊಂದು ಶೂ ಯಾರಾದ್ರೂ ಬಂದು ಹಾಕಿದ್ರಂತಾ?"

ಒಂದು ಅಂತ್ಯ: ಅವನು ಹೇಳುತ್ತಾನೆ, ಅಕ್ಕ ಅಳುತ್ತಾಳೆ. (ಅಕ್ಕ ಅಳುವವಳಲ್ಲ. ಕಪಾಳಕ್ಕೆ ಬಿಡುತ್ತಾಳೆ. ತಿದ್ದಬೇಕು.)

ಇನ್ನೊಂದು: ಹೇಳಬೇಕಾಗಿಯೇ ಇಲ್ಲ, ಅವಳಿಗೆ ಆಗಲೇ ಗೊತ್ತಾಗಿದೆ. (ಚೆನ್ನಾಗಿದೆ. ಚೆನ್ನಾಗಿರುವುದರಿಂದಲೇ ನಂಬಿಕೆ ಬರುತ್ತಿಲ್ಲ.)

ಮೂರನೆಯದನ್ನು ನೀವೇ ಬರೆದುಕೊಳ್ಳಿ. ಅಡಿಟಿಪ್ಪಣಿ ಹಾಕಬೇಡಿ.

"ಲೇಖನದಲ್ಲಿ ಅಷ್ಟೇ ಇತ್ತು," ಎಂದ.

ಅಕ್ಕ ಅವನನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಚಕ್ರ ಶುರು ಮಾಡಿದಳು.

ಯಾರೂ ಬರಲಿಲ್ಲ, ಸಂಜೆಯಾದ ಮೇಲೆ ಆ ಒಂದು ಶೂವನ್ನೂ ಬಿಚ್ಚಿಟ್ಟು ಮಲಗಿದೆ ಎಂದು ಅವನು ಅವಳಿಗೆ ಹೇಳಲಿಲ್ಲ.